ಓದುಗರ ಪ್ರಶ್ನೆ: ‘ಮುತಜಿಲಿ’ ಅಂದರೆ ಬೈಗುಳವಾ?

ಈ ಸಂಚಿಕೆ ಪೂರ್ತಿ ಒಂದೇ ವಿಷಯಕ್ಕೆ ಮೀಸಲು. ಕಾರಣ ಶಿಡ್ಲಘಟ್ಟದ ಓದುಗರೊಬ್ಬರ ಪತ್ರ. ಹೋದ ಸಲ ಅದನ್ನು ಹಾಕಿ, ಹಿನ್ನೆಲೆಯನ್ನು ನಾಲ್ಕು ಸಾಲಿನಲ್ಲಿ ಹೇಳಿ, ಉತ್ತರ ಮುಂದಿನ ಬಾರಿ ಎಂದಿದ್ದೆ. ಅಷ್ಟರಲ್ಲಿ ತುಮಕೂರು, ಶಿರಾ, ಚಿಂತಾಮಣಿ, ಕೋಲಾರ, ಗೌರಿಬಿದನೂರಿನಿಂದಲೂ ಕಾಗದಗಳು ಬಂದವು. ಹೊಲ, ಬ್ಯಾಂಕು, ಪಿಂಚಣಿ ಬಗ್ಗೆ ಕೇಳಿದವರು ಇನ್ನೊಂದು ತಿಂಗಳು ತಡೆದುಕೊಳ್ಳಬೇಕು.

ಪ್ರಶ್ನೆ: ನಾನು ರೇಷ್ಮೆ ನೂಲು ಬಿಚ್ಚುವ ಕೆಲಸದವನು. ಒಂದು ಸಂಜೆ ಟೀ ಅಂಗಡಿಯಲ್ಲಿ ಮಾತಿಗೆ ಮಾತು ಬಂದು, ‘ಈ ಹುಳುಗಳನ್ನ ದಿನಾ ಬೇಯಿಸ್ತೀವಲ್ಲ, ಇವೇನು ತಪ್ಪು ಮಾಡಿದ್ವು? ಇವುಗಳ ನೋವಿಗೆ ಮೇಲೆ ಏನಾದ್ರೂ ಲೆಕ್ಕ ಇದೆಯಾ?’ ಎಂದು ಕೇಳಿದೆ. ಪಕ್ಕದಲ್ಲಿದ್ದ ಹಿರಿಯರು ‘ಮುತಜಿಲಿ ಥರ ಮಾತಾಡಬೇಡ’ ಎಂದು ಗದರಿದರು. ಅದು ಬೈಗುಳವಾ? ಯಾರು ಅವರು?
— ಶಿಡ್ಲಘಟ್ಟದ ಓದುಗರು

ಉತ್ತರ: ಬೈಗುಳದ ಥರ ಬಳಸುವುದುಂಟು. ಧರ್ಮದ ಮಾತಿನಲ್ಲಿ ತರ್ಕ ಜಾಸ್ತಿ ತಂದವರಿಗೆ ಹಾಗೆ ಅಂದುಬಿಡುತ್ತಾರೆ. ಆದರೆ ಮೂಲದಲ್ಲಿ ಅದು ಸಾವಿರದ ಇನ್ನೂರು ವರ್ಷಕ್ಕೂ ಹಿಂದಿನ, ಇಸ್ಲಾಮಿನ ಒಂದು ವಿಚಾರ ಪಂಥದ ಹೆಸರು. ನೀವು ಟೀ ಅಂಗಡಿಯಲ್ಲಿ ಕೇಳಿದಂಥ ಪ್ರಶ್ನೆಯನ್ನೇ ಅವರು ಮಸೀದಿಯ ಕಂಬದ ಬುಡದಲ್ಲಿ ಕೂತು ಕೇಳಿದವರು.

ಕತೆ ಶುರುವಾಗುವುದು ಇರಾಕಿನ ಬಸ್ರಾ ಪಟ್ಟಣದಲ್ಲಿ. ಅಲ್ಲಿ ಹಸನ್ ಬಸ್ರಿ ಎಂಬ ದೊಡ್ಡ ಗುರುಗಳಿದ್ದರು, 728ರಲ್ಲಿ ತೀರಿಕೊಂಡವರು. ಈ ಹೆಸರು ನಮಗೆ ದೂರದ್ದಲ್ಲ. ಚಿಶ್ತಿ ಎಂಬ ಸೂಫಿ ಪರಂಪರೆಯವರು ಓದುವ ಶಜರಾದಲ್ಲಿ, ಅಂದರೆ ಗುರುಗಳ ಸಾಲಿನಲ್ಲಿ, ಹಜರತ್ ಅಲಿಯವರ ನಂತರ ಬರುವ ಹೆಸರು ಇವರದ್ದೇ. ಒಂದು ದಿನ ಪಾಠದ ನಡುವೆ ಒಬ್ಬ ಎದ್ದು ಕೇಳಿದನಂತೆ: ದೊಡ್ಡ ಪಾಪ ಮಾಡಿದ ಮುಸ್ಲಿಮ್ ಇನ್ನೂ ಮುಸ್ಲಿಮನೇನಾ, ಅಥವಾ ಧರ್ಮದಿಂದ ಹೊರಗೆ ಹೋದನಾ?

ಆ ಪ್ರಶ್ನೆ ಸುಮ್ನೆ ಹುಟ್ಟಿದ್ದಲ್ಲ. 656ರಲ್ಲಿ ಖಲೀಫಾ ಉಸ್ಮಾನರ ಕೊಲೆಯಾಯಿತು. ಮರುವರ್ಷ ಸಿಫ್ಫೀನ್ ಎಂಬಲ್ಲಿ ಮುಂದಿನ ಖಲೀಫಾ ಅಲಿಯವರ ದಂಡು, ಸಿರಿಯಾ ಆಳುತ್ತಿದ್ದ ಮುಆವಿಯಾ ದಂಡು ಎದುರುಬದುರಾದವು. ಒಟ್ಟಿಗೆ ನಮಾಜು ಮಾಡಿದವರೇ ಒಬ್ಬರನ್ನೊಬ್ಬರು ಕಡಿದುಕೊಂಡರು. ಹಾಗಾದರೆ ಕೊಂದವನು ಇನ್ನೂ ಮುಸ್ಲಿಮನೇನಾ, ಅಲ್ಲವಾ? ಖಾರಿಜಿಗಳು ಎಂಬ ಗುಂಪಿನವರು ‘ಮಹಾಪಾಪ ಮಾಡಿದವನು ಧರ್ಮ ಬಿಟ್ಟವನೇ’ ಎಂದು ಕತ್ತಿ ಹಿಡಿದರು. ಮುರ್ಜಿಆ ಎಂಬವರು ‘ಅವನೂ ನಮ್ಮವನೇ, ತೀರ್ಪು ದೇವರಿಗೆ ಬಿಡೋಣ’ ಎಂದರು. ಮನೆಮನೆಯಲ್ಲಿ ಸತ್ತವರಿದ್ದ ಕಾಲದಲ್ಲಿ ಇದು ಪುಸ್ತಕದ ಪ್ರಶ್ನೆಯಾಗಿರಲಿಲ್ಲ.

ಗುರುಗಳು ಬಾಯಿ ತೆರೆಯುವ ಮೊದಲೇ ಶಿಷ್ಯ ವಾಸಿಲ್ ಇಬ್ನ್ ಅತಾ ಉತ್ತರ ಕೊಟ್ಟ: ‘ಅವನು ಅದೂ ಅಲ್ಲ, ಇದೂ ಅಲ್ಲ. ಎರಡು ನೆಲೆಗಳ ನಡುವಿನ ನೆಲೆಯಲ್ಲಿದ್ದಾನೆ.’ ಹಾಗೆ ಹೇಳಿ ಎದ್ದು ಹೋಗಿ ಇನ್ನೊಂದು ಕಂಬದ ಹತ್ತಿರ ಕೂತು ತನ್ನ ಮಾತು ವಿವರಿಸತೊಡಗಿದ. ಹಸನ್ ಬಸ್ರಿ ‘ವಾಸಿಲ್ ನಮ್ಮಿಂದ ಸರಿದು ಹೋದ’ ಎಂದರು. ಸರಿದು ಹೋಗುವುದಕ್ಕೆ ಅರಬಿಯಲ್ಲಿ ಇರುವ ಪದದಿಂದಲೇ ಮುತಜಿಲಾ ಬಂತು ಎನ್ನುತ್ತಾರೆ. ಈ ಕತೆಯನ್ನು ಇದ್ದ ಹಾಗೇ ನಡೆದದ್ದೆಂದು ಇತಿಹಾಸ ಬರೆಯುವವರು ಒಪ್ಪುವುದಿಲ್ಲ, ಆಮೇಲೆ ಕಟ್ಟಿದ್ದಿರಬೇಕು ಎನ್ನುತ್ತಾರೆ. ಆದರೂ ನನಗೆ ಆ ಎರಡು ಕಂಬಗಳು ತುಂಬಾ ಇಷ್ಟ. ಅವನು ಮಸೀದಿ ಬಿಟ್ಟು ಹೋಗಲಿಲ್ಲ ನೋಡಿ. ಅದೇ ಮಾಡಿನ ಕೆಳಗೆ, ಕೂಗಿದರೆ ಕೇಳುವಷ್ಟು ದೂರದಲ್ಲಿ, ಬೇರೆ ಕಂಬಕ್ಕೆ ಒರಗಿ ಕೂತ.

ವಾಸಿಲನ ಬಗ್ಗೆ ಇನ್ನೊಂದು ಮಾತು ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ಅವನಿಗೆ ‘ರ’ ಅಕ್ಷರ ಸರಿಯಾಗಿ ಹೊರಡುತ್ತಿರಲಿಲ್ಲ. ಊರ ಮುಂದೆ ಮಾತಾಡಬೇಕಾದವನಿಗೆ ಇದು ದೊಡ್ಡ ಕಷ್ಟ. ಅದಕ್ಕೆ ಅವನು ‘ರ’ ಇರುವ ಪದಗಳನ್ನೇ ಬಿಟ್ಟುಬಿಟ್ಟ. ಗೋಧಿಗೆ ಅರಬಿಯಲ್ಲಿ ‘ಬುರ್’ ಎಂಬ ಪದ ಇದೆ. ಅದು ಬರುವ ಕಡೆಯೆಲ್ಲ ‘ಕಮ್ಹ್’ ಎನ್ನುತ್ತಿದ್ದ. ಒಂದು ಇಡೀ ಭಾಷಣವನ್ನೇ ‘ರ’ ಇಲ್ಲದೆ ಮಾಡಿದ್ದ, ಜನ ಅದನ್ನು ಉಳಿಸಿಕೊಂಡು ಬಂದಿದ್ದಾರೆ. ಇದು ಎಷ್ಟು ಕಷ್ಟ ಅಂತ ಕನ್ನಡದಲ್ಲಿ ಮಾಡಿ ನೋಡಿ. ‘ಮಗು ಹಾಲು ಕುಡಿಯಿತು’ ಸಲೀಸು. ‘ಅವರು ಊರಿಗೆ ಬರುತ್ತಾರೆ’ ಅನ್ನುವುದನ್ನು ‘ರ’ ಇಲ್ಲದೆ ಹೇಳಿ ನೋಡೋಣ. ಒಂದು ಸಂಜೆ ಮನೆಯಲ್ಲಿ ಮೊಮ್ಮಕ್ಕಳ ಜೊತೆ ಕೂತು ಪ್ರಯತ್ನಿಸಿದೆವು. ಮೂರು ವಾಕ್ಯ ದಾಟಲು ಆಗಲಿಲ್ಲ. ಇವನು 748ರಲ್ಲಿ ಸಾಯುವವರೆಗೆ ಹಾಗೇ ಬಾಳಿದ.

ನಿಮ್ಮ ಹುಳುವಿನ ಪ್ರಶ್ನೆ ಮರೆತಿಲ್ಲ. ಅದಕ್ಕೆ ಉತ್ತರ ಕೊಡಲು ನಡುವೆ ಒಂದೆರಡು ವಿಷಯ ಗೊತ್ತಿರಬೇಕು, ಹಾಗಾಗಿ ಕೊನೆಗೆ ಇಟ್ಟಿದ್ದೇನೆ.

ಪ್ರಶ್ನೆ: ನಮ್ಮ ನೋಟ್ಸ್‌ನಲ್ಲಿ ‘ಮುತಜಿಲಾ: ಇಸ್ಲಾಮಿನ ವಿಚಾರವಾದಿಗಳು’ ಎಂದು ಒಂದೇ ಸಾಲು ಇದೆ. ಅಂದರೆ ಅವರು ನಾಸ್ತಿಕರಾ?
— ತುಮಕೂರಿನ ಪದವಿ ವಿದ್ಯಾರ್ಥಿನಿ

ಉತ್ತರ: ಖಂಡಿತ ಅಲ್ಲ. ಆ ಒಂದು ಸಾಲು ಮಾಡುವ ಕೆಡುಕೇ ಇದು. ನಮ್ಮಲ್ಲಿ ವಿಚಾರವಾದಿ ಅಂದ ಕೂಡಲೇ ದೇವರನ್ನು ಒಪ್ಪದವರು ಕಣ್ಣ ಮುಂದೆ ಬರುತ್ತಾರೆ. ಮುತಜಿಲಾದವರು ಐದು ಹೊತ್ತು ನಮಾಜು ಮಾಡುವವರು, ಉಪವಾಸ ಹಿಡಿಯುವವರು. ಬೇರೆ ಧರ್ಮದವರ ಜೊತೆ, ನಾಸ್ತಿಕರ ಜೊತೆ ಇಸ್ಲಾಮಿನ ಪರವಾಗಿ ವಾದಕ್ಕೆ ನಿಂತವರಲ್ಲಿ ಮುಂದಾಳುಗಳೇ ಇವರು. ತಮ್ಮನ್ನು ತಾವು ಅವರು ಕರೆದುಕೊಂಡದ್ದು ‘ನ್ಯಾಯ ಮತ್ತು ಏಕತ್ವದ ಜನ’ ಎಂದು.

ಏಕತ್ವ ಎಂದರೆ ದೇವರು ಒಬ್ಬನೇ ಎನ್ನುವುದು. ಅದನ್ನು ಎಲ್ಲ ಮುಸ್ಲಿಮರೂ ಹೇಳುತ್ತಾರೆ. ಇವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ದೇವರ ಜ್ಞಾನ, ದೇವರ ಶಕ್ತಿ ಇವು ದೇವರಿಂದ ಬೇರೆಯಾಗಿ ಅನಾದಿಯಿಂದ ಇರುವ ವಸ್ತುಗಳು ಅಂತ ಒಪ್ಪಿದರೆ, ದೇವರ ಪಕ್ಕದಲ್ಲಿ ಇನ್ನಷ್ಟು ಅನಾದಿಗಳನ್ನು ಕೂರಿಸಿದಂತಾಯಿತಲ್ವಾ ಎಂದರು. ‘ದೇವರ ಕೈ’ ಎಂದು ಕುರಾನಿನಲ್ಲಿ ಬಂದರೆ ಅದನ್ನು ಅವನ ಶಕ್ತಿ, ಅವನ ಕೃಪೆ ಎಂದು ಓದಬೇಕು ಎಂದರು. ಸಗುಣ ನಿರ್ಗುಣದ ಜಗಳ ಕೇಳಿ ಬೆಳೆದ ನಮಗೆ ಇದರ ರುಚಿ ಬೇಗ ಸಿಗುತ್ತದೆ. ಎರಡೂ ಒಂದೇ ಎಂದು ಮಾತ್ರ ತಿಳಿಯಬೇಡಿ.

ನ್ಯಾಯ ಎಂಬುದೇ ಅವರ ಜೀವಾಳ. ಮನುಷ್ಯ ಮಾಡುವ ಕೆಲಸ ಮನುಷ್ಯನದ್ದೇ. ಅವನೇ ಆರಿಸಿಕೊಂಡ, ಅವನೇ ಮಾಡಿದ. ನನ್ನ ಕೈಯಿಂದ ದೇವರೇ ಕಳ್ಳತನ ಮಾಡಿಸಿ, ಆಮೇಲೆ ನನ್ನನ್ನೇ ನರಕಕ್ಕೆ ಹಾಕಿದರೆ ಅದು ಅನ್ಯಾಯ. ದೇವರು ಅನ್ಯಾಯ ಮಾಡುವವನಲ್ಲ. ಹಾಗಾಗಿ ಹೊಣೆ ನನ್ನದು. ಇದರ ಹಿಂದೆ ಇನ್ನೂ ಆಳದ ಮಾತೊಂದಿದೆ. ಸುಳ್ಳು ಕೆಟ್ಟದ್ದು ಯಾಕೆ? ದೇವರು ಬೇಡ ಅಂದದ್ದಕ್ಕಾ, ಅಥವಾ ಅದು ಕೆಟ್ಟದ್ದಾಗಿರುವುದರಿಂದಲೇ ದೇವರು ಬೇಡ ಅಂದನಾ? ಮುತಜಿಲಾದವರು ಎರಡನೆಯದನ್ನು ಹಿಡಿದರು. ಯಾವ ಪ್ರವಾದಿಯ ಮಾತೂ ಮುಟ್ಟದ ಊರಿನಲ್ಲಿ ಹುಟ್ಟಿದವನಿಗೂ ಕೊಲೆ ತಪ್ಪು ಎಂದು ಬುದ್ಧಿಯೇ ಹೇಳುತ್ತದೆ. ‘ನ್ಯಾಯ’ ಎಂಬ ಪದಕ್ಕೆ ಸಂತೆಯಲ್ಲಿ, ಪಂಚಾಯಿತಿ ಕಟ್ಟೆಯಲ್ಲಿ ಯಾವ ಅರ್ಥ ಇದೆಯೋ ದೇವರ ವಿಷಯದಲ್ಲೂ ಅದೇ ಅರ್ಥ ಇರಬೇಕು, ಇಲ್ಲದಿದ್ದರೆ ‘ದೇವರು ನ್ಯಾಯವಂತ’ ಎಂದು ಹೇಳಿ ನಾವು ಏನು ಹೇಳಿದಂತಾಯಿತು ಎಂಬುದು ಅವರ ಹಟ. ಈ ಹಟಕ್ಕಾಗಿಯೇ ನಾನು ಇವರನ್ನು ಮೂವತ್ತು ವರ್ಷದಿಂದ ಬಿಡದೆ ಓದುತ್ತಿದ್ದೇನೆ.

ಇವರ ಐದು ಸೂತ್ರಗಳಲ್ಲಿ ಉಳಿದವು ಮೂರು. ದೇವರು ಕೊಟ್ಟ ಭರವಸೆ, ಹಾಕಿದ ಎಚ್ಚರಿಕೆ ಎರಡನ್ನೂ ನಡೆಸಿಯೇ ತೀರುತ್ತಾನೆ. ವಾಸಿಲ್ ಹೇಳಿದ ನಡುವಿನ ನೆಲೆ. ಒಳ್ಳೆಯದನ್ನು ಮಾಡಿ ಎನ್ನಬೇಕು, ಕೆಟ್ಟದ್ದನ್ನು ತಡೆಯಬೇಕು. ಪರೀಕ್ಷೆಗೆ ಇಷ್ಟು ಸಾಕು.

ಪರೀಕ್ಷೆಗೆ ಬರದ ಒಂದು ಸಂಗತಿ ಹೇಳುತ್ತೇನೆ. ಬಸ್ರಾದ ಅಬುಲ್ ಹುದೈಲ್, ನಜ್ಜಾಮ್ ಇಬ್ಬರೂ ಮುತಜಿಲಾದವರೇ. ವಸ್ತುವನ್ನು ಒಡೆಯುತ್ತಾ ಹೋದರೆ ಕೊನೆಗೆ ಒಡೆಯಲಾಗದ ಕಣ ಸಿಗುತ್ತದೆ ಎಂದು ಒಬ್ಬ. ಇಲ್ಲ, ಒಡೆಯುವುದಕ್ಕೆ ಕೊನೆಯೇ ಇಲ್ಲ ಎಂದು ಇನ್ನೊಬ್ಬ. ಕೊನೆಯೇ ಇಲ್ಲದಿದ್ದರೆ ಇರುವೆ ಒಂದು ಬಂಡೆಯನ್ನು ದಾಟುವುದು ಹೇಗೆ, ಎಷ್ಟು ನಡೆದರೂ ಇನ್ನೂ ಅರ್ಧ ಉಳಿದಿರುತ್ತದಲ್ಲ ಎಂದು ಕೇಳಿದ್ದಕ್ಕೆ ನಜ್ಜಾಮ್ ‘ಸ್ವಲ್ಪ ನಡೆಯುತ್ತದೆ, ಸ್ವಲ್ಪ ಹಾರುತ್ತದೆ’ ಎಂದನಂತೆ. ನಂದಿ ಬೆಟ್ಟ ಹತ್ತುವಾಗ ಬಂಡೆಯ ಮೇಲೆ ಇರುವೆ ಕಂಡರೆ ನನಗೆ ಈಗಲೂ ಇದೇ ನೆನಪು.

ಪ್ರಶ್ನೆ: ಕುರಾನ್ ಸೃಷ್ಟಿಯಾದದ್ದಾ, ಅಲ್ಲವಾ ಎಂಬುದಕ್ಕೆ ಜನರನ್ನು ಜೈಲಿಗೆ ಹಾಕಿದ್ದರು ಎಂದು ಓದಿದೆ. ಅಷ್ಟು ಸಣ್ಣ ವಿಷಯಕ್ಕೆ ಅಷ್ಟು ದೊಡ್ಡ ಗಲಾಟೆ ಯಾಕೆ?
— ಚಿಂತಾಮಣಿಯ ಶಾಲಾ ಶಿಕ್ಷಕರು

ಉತ್ತರ: ಸಣ್ಣ ವಿಷಯ ಅಲ್ಲ ಸ್ವಾಮಿ. ನಮ್ಮಲ್ಲೂ ಇದೇ ಜಗಳ ನಡೆದಿದೆ. ವೇದವನ್ನು ಯಾರೂ ಬರೆದದ್ದಲ್ಲ, ಅದು ಅಪೌರುಷೇಯ, ಶಬ್ದವೇ ನಿತ್ಯ ಎಂದರು ಮೀಮಾಂಸಕರು. ಇಲ್ಲ, ಶಬ್ದ ಹುಟ್ಟಿ ಸಾಯುವಂಥದ್ದು, ವೇದ ಈಶ್ವರ ಹೇಳಿದ್ದು ಎಂದರು ನ್ಯಾಯ ದರ್ಶನದ ತಾರ್ಕಿಕರು. ಸಂಸ್ಕೃತ ಪಾಠಶಾಲೆಯ ಹಳೆಯ ಪಂಡಿತರ ಮುಂದೆ ಈ ವಿಷಯ ಎತ್ತಿ ನೋಡಿ, ಊಟದ ಹೊತ್ತು ಮೀರುತ್ತದೆ.

ಮುತಜಿಲಾದವರ ವಾದ ನೇರ. ಅನಾದಿ ಅಂದರೆ ದೇವರು ಒಬ್ಬನೇ. ಕುರಾನ್ ದೇವರ ಮಾತು. ಮಾತು ಆಡಿದಾಗ ಹುಟ್ಟುತ್ತದೆ. ಆದ್ದರಿಂದ ಕುರಾನ್ ದೇವರು ಸೃಷ್ಟಿಸಿದ್ದು. ಎದುರಿನವರಿಗೆ ಇದು ಎದೆಗೆ ತಾಗಿತು. ದೇವರ ಮಾತು ದೇವರ ಗುಣ, ಅದನ್ನು ಕಲ್ಲು ಮಣ್ಣಿನ ಹಾಗೆ ಸೃಷ್ಟಿಯಾದದ್ದು ಎನ್ನುವುದು ಹೇಗೆ ಎಂದರು.

ಇಲ್ಲಿಯವರೆಗೆ ಕಂಬದಿಂದ ಕಂಬಕ್ಕೆ ನಡೆದ ವಾದ. 833ರಲ್ಲಿ ಅದು ಅರಮನೆಗೆ ಹೋಯಿತು. ಬಗ್ದಾದಿನ ಖಲೀಫಾ ಮಾಮೂನ್ ಗ್ರೀಕ್ ಶಾಸ್ತ್ರಗಳನ್ನು ಅರಬಿಗೆ ತರಿಸಲು ಒತ್ತಾಸೆಯಾಗಿ ನಿಂತವನು, ಓದು ಬಲ್ಲವನು. ಅವನೇ ಯುದ್ಧದ ದಾರಿಯಿಂದ ಬಗ್ದಾದಿನ ಅಧಿಕಾರಿಗೆ ಪತ್ರ ಬರೆದ. ನ್ಯಾಯಾಧೀಶರನ್ನು, ಹದೀಸ್, ಅಂದರೆ ಪ್ರವಾದಿಯ ನುಡಿ ನಡೆ ಬಲ್ಲ ಪಂಡಿತರನ್ನು ಕರೆಸಿ ಕೇಳು, ಕುರಾನ್ ಸೃಷ್ಟಿಯಾದದ್ದು ಎಂದು ಒಪ್ಪದವನಿಗೆ ಹುದ್ದೆ ಇಲ್ಲ, ಅವನ ಸಾಕ್ಷಿ ನಡೆಯುವುದಿಲ್ಲ ಎಂದು. ಇದಕ್ಕೆ ‘ಮಿಹ್ನಾ’ ಎಂದು ಹೆಸರು, ಅಂದರೆ ಪರೀಕ್ಷೆ. ಹೆದರಿ ಹೆಚ್ಚಿನವರು ಹೂಂ ಎಂದರು. ಒಪ್ಪದವರಲ್ಲಿ ದೊಡ್ಡವರು ಅಹ್ಮದ್ ಇಬ್ನ್ ಹಂಬಲ್. ಹದೀಸ್ ಸಂಗ್ರಹಕ್ಕೆ ಜೀವ ತೇದವರು, ಆಗ ಐವತ್ತು ದಾಟಿದ್ದರು. ಬೇಡಿ ಹಾಕಿ ಖಲೀಫಾನ ಹತ್ತಿರ ಕಳಿಸಿದರು. ಅವರು ತಲುಪುವ ಮೊದಲೇ ಮಾಮೂನ್ ಸತ್ತ. ಮುಂದೆ ಬಂದ ಮುಅ್ತಸಿಮ್ ಅವರನ್ನು ಜೈಲಿನಲ್ಲಿಟ್ಟ, ಚಾವಟಿಯಿಂದ ಹೊಡೆಸಿದ. ‘ಕುರಾನಿನಿಂದ, ಪ್ರವಾದಿಯ ಮಾತಿನಿಂದ ಆಧಾರ ಕೊಡಿ, ಒಪ್ಪುತ್ತೇನೆ’ ಎಂಬ ಮಾತನ್ನು ಅವರು ಬಿಡಲಿಲ್ಲ.

ನಾನು ಮುತಜಿಲಾದವರ ಓದುಗ, ಅವರ ಮೇಲೆ ನನಗೆ ಪ್ರೀತಿ ಇದೆ. ಆದರೂ ಇಲ್ಲಿ ನನ್ನ ಮನಸ್ಸು ಪೂರ್ತಿ ಅಹ್ಮದರ ಕಡೆಗೇ. ಮನುಷ್ಯ ತಾನೇ ಆರಿಸಿಕೊಳ್ಳಬೇಕು ಎಂದು ಸಾರಿದ ಪಂಥದ ಹೆಸರಿನಲ್ಲಿ ಒಬ್ಬ ಹಿರಿಯನ ಬೆನ್ನು ಹರಿಯಿತು. ಎಲ್ಲ ಮುತಜಿಲಿಗಳೂ ಆ ಚಾವಟಿಗೆ ಕೈ ಹಾಕಿದವರಲ್ಲ, ಈ ಸಿದ್ಧಾಂತ ಅವರೊಬ್ಬರದ್ದೂ ಆಗಿರಲಿಲ್ಲ. ಆದರೆ ಆಗಿನ ಮುಖ್ಯ ನ್ಯಾಯಾಧೀಶ ಇಬ್ನ್ ಅಬೀ ದುವಾದ್ ಅವರವನೇ, ವಿಚಾರಣೆಗೆ ಬೆನ್ನೆಲುಬಾಗಿ ನಿಂತವನು. 847ರಲ್ಲಿ ಪಟ್ಟಕ್ಕೆ ಬಂದ ಮುತವಕ್ಕಿಲ್ ಇದನ್ನೆಲ್ಲ ನಿಲ್ಲಿಸಿದ. 855ರಲ್ಲಿ ಅಹ್ಮದ್ ತೀರಿಕೊಂಡಾಗ ಬಗ್ದಾದ್ ಊರಿಗೆ ಊರೇ ಸೇರಿತ್ತು. ಜನ ಯಾರನ್ನು ತಮ್ಮವರು ಎಂದುಕೊಂಡರು ಎಂಬುದು ಅವತ್ತೇ ತೀರ್ಮಾನವಾಯಿತು.

ಪ್ರಶ್ನೆ: ಇಷ್ಟು ಬುದ್ಧಿವಂತರು ವಾದದಲ್ಲಿ ಸೋತದ್ದು ಹೇಗೆ? ಬರೀ ರಾಜ ಕೈಬಿಟ್ಟದ್ದಕ್ಕಾ?
— ಕೋಲಾರದ ಓದುಗರು

ಉತ್ತರ: ಬರೀ ಅದಕ್ಕಲ್ಲ. ಅವರ ಮನೆಯೊಳಗೇ ಬೆಳೆದ ಹುಡುಗನೊಬ್ಬ ಅವರ ಅಸ್ತ್ರವನ್ನೇ ಅವರ ಮೇಲೆ ತಿರುಗಿಸಿದ. ಅವನ ಹೆಸರು ಅಬುಲ್ ಹಸನ್ ಅಶ್ಅರಿ. 874ರ ಸುಮಾರಿಗೆ ಬಸ್ರಾದಲ್ಲಿ ಹುಟ್ಟಿದವನು. ಮುತಜಿಲಾದ ದೊಡ್ಡ ಗುರು ಅಬೂ ಅಲಿ ಜುಬ್ಬಾಯಿಯ ಕೈಕೆಳಗೆ ನಲವತ್ತರವರೆಗೆ ಕಲಿತ. ಆಮೇಲೆ ಒಂದು ದಿನ ಗುರುವನ್ನು ಕೇಳಿದ ಪ್ರಶ್ನೆ ಹೀಗಿತ್ತು ಎಂದು ಹೇಳುತ್ತಾರೆ. ಇದೂ ಕಟ್ಟಿದ ಕತೆಯೇ ಇರಬಹುದು, ಆದರೆ ಪ್ರಶ್ನೆ ಗಟ್ಟಿ.

ಮೂವರು ಅಣ್ಣತಮ್ಮಂದಿರು. ಒಬ್ಬ ಒಳ್ಳೆಯವನಾಗಿ ಬಾಳಿ ಸತ್ತ. ಒಬ್ಬ ಕೆಟ್ಟವನಾಗಿ ಸತ್ತ. ಒಬ್ಬ ಚಿಕ್ಕ ಮಗುವಾಗಿದ್ದಾಗಲೇ ಸತ್ತ. ಅವರ ಗತಿ ಏನು? ಮೊದಲನೆಯವನಿಗೆ ಸ್ವರ್ಗ, ಎರಡನೆಯವನಿಗೆ ನರಕ, ಮಗುವಿಗೆ ಶಿಕ್ಷೆ ಇಲ್ಲ, ಆದರೆ ಅಣ್ಣನ ಎತ್ತರದ ಸ್ಥಾನವೂ ಇಲ್ಲ ಎಂದ ಗುರು. ಮಗು ‘ದೇವರೇ, ನನ್ನನ್ನೂ ಬದುಕಲು ಬಿಟ್ಟಿದ್ದರೆ ನಾನೂ ಪುಣ್ಯ ಗಳಿಸುತ್ತಿದ್ದೆನಲ್ಲ’ ಎಂದರೆ? ‘ನೀನು ದೊಡ್ಡವನಾದರೆ ಕೆಟ್ಟುಹೋಗುತ್ತೀಯ ಎಂದು ಗೊತ್ತಿತ್ತು, ನಿನ್ನ ಒಳ್ಳೆಯದಕ್ಕೇ ಕರೆದುಕೊಂಡೆ’ ಎನ್ನುತ್ತಾನೆ ದೇವರು. ಆಗ ನರಕದಲ್ಲಿರುವ ಅಣ್ಣ ಕೂಗುತ್ತಾನೆ: ‘ನನ್ನದೂ ಗೊತ್ತಿತ್ತಲ್ಲ! ನನ್ನನ್ನೂ ಮಗುವಾಗಿದ್ದಾಗಲೇ ಯಾಕೆ ಕರೆದುಕೊಳ್ಳಲಿಲ್ಲ?’ ಗುರುವಿನ ಬಾಯಿ ಕಟ್ಟಿತು.

ಚಿಕ್ಕಬಳ್ಳಾಪುರದಲ್ಲಿ ಪಾಠ ಮಾಡುತ್ತಿದ್ದ ಕಾಲದಲ್ಲಿ ಈ ಕತೆಯನ್ನು ಪ್ರತಿವರ್ಷ ಹೇಳುತ್ತಿದ್ದೆ. ಒಂದು ವರ್ಷ ಹೇಳಿ ಮುಗಿಸಿದಾಗ ಕೊನೆಯ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿ ಪೆನ್ನಿನ ಮುಚ್ಚಳವನ್ನು ಹಾಕುತ್ತಾ ತೆಗೆಯುತ್ತಾ ಕೂತಿದ್ದ. ಗಂಟೆ ಹೊಡೆದ ಮೇಲೂ ಏಳಲಿಲ್ಲ. ಅವನ ತಮ್ಮ ಎರಡು ವರ್ಷದ ಹಿಂದೆ ಜ್ವರದಲ್ಲಿ ಹೋಗಿದ್ದ. ‘ಸಾರ್, ನಮ್ಮಜ್ಜಿನೂ ಹಂಗೇ ಅಂದ್ರು, ಅವನ ಒಳ್ಳೇದಕ್ಕೇ ದೇವರು ಕರ್ಕೊಂಡ ಅಂತ’ ಎಂದ. ಆಮೇಲೆ ಆ ಕತೆಯನ್ನು ನಾನು ತರಗತಿಯಲ್ಲಿ ಅವಸರದಲ್ಲಿ ಹೇಳಿದ್ದಿಲ್ಲ.

ಅಶ್ಅರಿಯ ಉತ್ತರ ಇಷ್ಟು: ದೇವರು ಮಾಡಿದ್ದೇ ನ್ಯಾಯ. ನಮ್ಮ ತಕ್ಕಡಿಯಲ್ಲಿ ಅವನನ್ನು ತೂಗಬೇಡಿ. ಅವನ ಕೈ, ಅವನ ಮುಖ ಎಂದು ಬಂದರೆ ಒಪ್ಪಿ, ‘ಹೇಗೆ’ ಎಂದು ಕೇಳಬೇಡಿ. ಕುರಾನಿನ ಅರ್ಥ, ದೇವರೊಳಗಿನ ಮಾತು ಅನಾದಿ. ಕಾಗದ, ಮಸಿ, ಓದುವ ದನಿ ಸೃಷ್ಟಿಯಾದದ್ದು. ಮನುಷ್ಯನ ಕೆಲಸವನ್ನು ಸೃಷ್ಟಿಸುವವನು ದೇವರು, ಮನುಷ್ಯ ಅದನ್ನು ತನ್ನದಾಗಿಸಿಕೊಂಡು ಹೊಣೆ ಹೊರುತ್ತಾನೆ. ಈ ತನ್ನದಾಗಿಸಿಕೊಳ್ಳುವುದಕ್ಕೆ ‘ಕಸ್ಬ್’ ಎಂದು ಹೆಸರು. ನನಗೆ ಈ ಕೊನೆಯದು ಪೂರ್ತಿ ಗಂಟಲಲ್ಲಿ ಇಳಿಯುವುದಿಲ್ಲ. ಆದರೆ ಇದನ್ನು ಮೂಢನಂಬಿಕೆ ಎಂದು ತಳ್ಳಬೇಡಿ. ಇದನ್ನೂ ಅವರು ತರ್ಕದಿಂದಲೇ ಕಟ್ಟಿದರು, ಶತಮಾನಗಟ್ಟಲೆ ಕಟ್ಟಿದರು.

ಪ್ರಶ್ನೆ: ಬೆಂಕಿ ಹತ್ತಿಯನ್ನು ಸುಡುವುದಿಲ್ಲ ಎಂದು ಗಜಾಲಿ ಹೇಳಿದ್ದು ನಿಜವಾ? ಎಂಥ ಮಾತು ಅದು?
— ಗೌರಿಬಿದನೂರಿನ ಓದುಗರು

ಉತ್ತರ: ಹಾಗೆ ಹೇಳಲಿಲ್ಲ. ಗಜಾಲಿ 1058ರಿಂದ 1111ರವರೆಗೆ ಇದ್ದವರು, ಅಶ್ಅರಿ ಪಂಥದ ಬಹು ದೊಡ್ಡ ಹೆಸರು, ಬಗ್ದಾದಿನ ನಿಜಾಮಿಯಾ ಮದರಸಾದಲ್ಲಿ ಗುರುಗಳಾಗಿದ್ದವರು. ಬೆಂಕಿಗೆ ಹತ್ತಿ ತಾಗಿದಾಗ ಹತ್ತಿ ಸುಡುವುದನ್ನು ಅವರೂ ಕಂಡಿದ್ದಾರೆ. ಅವರು ಕೇಳಿದ್ದು ಬೇರೆ. ನೀವು ಕಂಡದ್ದು ಏನು? ಹತ್ತಿ ಬೆಂಕಿಗೆ ತಾಗಿತು, ಆಮೇಲೆ ಸುಟ್ಟಿತು. ಬೆಂಕಿ‘ಯಿಂದಲೇ’ ಸುಟ್ಟಿತು, ಸುಡದೆ ಬೇರೆ ದಾರಿಯೇ ಇರಲಿಲ್ಲ ಎಂಬುದನ್ನು ಕಣ್ಣಾರೆ ಕಂಡಿದ್ದೀರಾ?

ಶಿಡ್ಲಘಟ್ಟದ ಭಾಷೆಯಲ್ಲಿ ಹೇಳುತ್ತೇನೆ. ಗೂಡನ್ನು ಬಿಸಿ ನೀರಿಗೆ ಹಾಕುತ್ತೀರಿ. ಅಂಟು ಸಡಿಲವಾಗುತ್ತದೆ, ಎಳೆ ಬಿಡುತ್ತದೆ. ಲಕ್ಷ ಸಲ ಹಾಗೇ ಆಗಿದೆ. ಬಿಸಿ ನೀರಿಗೇ ಆ ಶಕ್ತಿ ಇದೆ ಎನ್ನುತ್ತೀರಿ. ಅಶ್ಅರಿಗಳು ‘ಪ್ರತಿ ಸಲವೂ ದೇವರೇ ಬಿಡಿಸುತ್ತಿದ್ದಾನೆ, ಅವನ ರೂಢಿ ಹಾಗಿದೆ, ಅದಕ್ಕೇ ನೀವು ನಂಬಿ ವ್ಯಾಪಾರ ಮಾಡಬಹುದು’ ಎನ್ನುತ್ತಾರೆ. ಅವನು ಬೇಡ ಎಂದರೆ ಬೆಂಕಿಯೂ ತಂಪಾಗುತ್ತದೆ, ಪ್ರವಾದಿ ಇಬ್ರಾಹೀಮರಿಗೆ ಆದ ಹಾಗೆ. ಪ್ರಹ್ಲಾದನ ಕತೆ ಕೇಳಿ ಬೆಳೆದವರಿಗೆ ಇದು ವಿಚಿತ್ರ ಅನ್ನಿಸಬಾರದು. ಸ್ಪೇನಿನ ತತ್ವಜ್ಞಾನಿ ಇಬ್ನ್ ರುಶ್ದ್ ಇದಕ್ಕೆ ಗಟ್ಟಿ ಉತ್ತರ ಬರೆದರು: ವಸ್ತುವಿಗೆ ತನ್ನದೇ ಗುಣ ಇಲ್ಲ ಅಂದರೆ ಜ್ಞಾನವೇ ಇಲ್ಲ ಎಂದು. ಅದು ಇನ್ನೊಂದು ದಿನದ ಮಾತು.

ಪ್ರಶ್ನೆ: ಹಾಗಾದರೆ ನಮ್ಮ ಕಡೆಯ ಮುಸ್ಲಿಮರು ಯಾವ ಪಂಥ? ನಮ್ಮ ಮನೆಯಲ್ಲಿ ಯಾರಿಗೂ ಈ ಹೆಸರುಗಳು ಗೊತ್ತಿಲ್ಲ.
— ಶಿರಾದ ಓದುಗರು

ಉತ್ತರ: ಹೆಸರು ಗೊತ್ತಿಲ್ಲದೆಯೂ ಜನ ಪಂಥದಲ್ಲಿರುತ್ತಾರೆ. ದ್ವೈತ ಅದ್ವೈತ ಎಂದರೇನು ಎಂದು ಕೇಳದೆಯೇ ಎಷ್ಟು ಮನೆಗಳಲ್ಲಿ ಪೂಜೆ ನಡೆಯುವುದಿಲ್ಲ! ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ಮುಸ್ಲಿಮರಲ್ಲಿ ಹೆಚ್ಚಿನವರು ಹನಫಿಗಳು, ಅಂದರೆ ಆಚಾರ ನಿಯಮಗಳಲ್ಲಿ ಹನಫಿ ಶಾಸ್ತ್ರ ಪಂಥದವರು. ಹನಫಿಗಳ ನಂಬಿಕೆಯ ಗುರು ಸಾಮಾನ್ಯವಾಗಿ ಅಬೂ ಮನ್ಸೂರ್ ಮಾತುರೀದಿ. ಸಮರ್‌ಖಂದ್‌ನವರು, 944ರ ಸುಮಾರಿಗೆ ತೀರಿಕೊಂಡರು. ಕರಾವಳಿಗೆ ಹೋದರೆ ಬ್ಯಾರಿಗಳು, ಭಟ್ಕಳದ ನವಾಯತರು ಶಾಫಿ ಎಂಬ ಇನ್ನೊಂದು ಶಾಸ್ತ್ರ ಪಂಥದವರು. ಅಲ್ಲಿ ಅಶ್ಅರಿಯ ದಾರಿ.

ಮಾತುರೀದಿ ನಡುದಾರಿಯವರು. ಕುರಾನಿನ ವಿಷಯದಲ್ಲಿ, ದೇವರ ಗುಣಗಳ ವಿಷಯದಲ್ಲಿ ಮುತಜಿಲಾಕ್ಕೆ ಎದುರು. ಆದರೆ ಮನುಷ್ಯನ ಆಯ್ಕೆ ನಿಜವಾದ ಆಯ್ಕೆ ಎಂದರು. ಒಳ್ಳೆಯದು ಕೆಟ್ಟದ್ದರಲ್ಲಿ ಬಹಳಷ್ಟನ್ನು ಬುದ್ಧಿಯೇ ತಿಳಿಯಬಲ್ಲದು ಎಂದರು. ಅವರ ದಾರಿಯಲ್ಲಿ ಬಂದ ಉಮರ್ ನಸಫಿ ಎಂಬವರ ಪುಟ್ಟ ನಂಬಿಕೆ ಪಾಠ ಶುರುವಾಗುವುದೇ ‘ವಸ್ತುಗಳು ನಿಜವಾಗಿ ಇವೆ, ಅವನ್ನು ತಿಳಿಯಲು ಸಾಧ್ಯ’ ಎಂಬ ಮಾತಿನಿಂದ. ತಿಳಿಯುವ ದಾರಿ ಮೂರು: ಇಂದ್ರಿಯ, ನಂಬಬಹುದಾದ ಸುದ್ದಿ, ಬುದ್ಧಿ. ಪ್ರತ್ಯಕ್ಷ, ಶಬ್ದ, ಅನುಮಾನ ಎಂದು ಓದಿದವರಿಗೆ ಇದು ಪಕ್ಕದ ಮನೆಯ ಮಾತು ಅನ್ನಿಸುತ್ತದೆ. ಆ ಪಾಠಕ್ಕೆ ತಫ್ತಾಜಾನಿ ಎಂಬ ವಿದ್ವಾಂಸರು ಬರೆದ ವ್ಯಾಖ್ಯಾನ, ಲಖನೌದ ಮುಲ್ಲಾ ನಿಜಾಮುದ್ದೀನ್ ಹದಿನೆಂಟನೆಯ ಶತಮಾನದಲ್ಲಿ ರೂಪಿಸಿದ ‘ದರ್ಸೆ ನಿಜಾಮಿ’ ಪಠ್ಯದಲ್ಲಿ ಸೇರಿದೆ. ಆ ಪಠ್ಯ ನಡೆಯುವ ಮದರಸಾಗಳಲ್ಲಿ ಹುಡುಗರು ಇವತ್ತಿಗೂ ಅದನ್ನು ಓದುತ್ತಾರೆ. ಮುತಜಿಲಿಗಳು ಏನೆಂದರು, ಅದಕ್ಕೆ ಉತ್ತರ ಏನು ಎಂದು ಅದರಲ್ಲಿ ಮತ್ತೆ ಮತ್ತೆ ಬರುತ್ತದೆ. ಶಿಡ್ಲಘಟ್ಟದ ಟೀ ಅಂಗಡಿಗೆ ಆ ಪದ ಇಂಥ ದಾರಿಯಲ್ಲೇ ಬಂದಿರಬೇಕು.

ಪ್ರಶ್ನೆ: ಮುತಜಿಲಾದವರ ಪುಸ್ತಕಗಳೆಲ್ಲ ಸುಟ್ಟುಹೋದವಾ?
— ಕೋಲಾರದ ಇನ್ನೊಬ್ಬ ಓದುಗರು

ಉತ್ತರ: ಬಹಳಷ್ಟು ಕಳೆದುಹೋದವು. ಆದರೆ ಯೆಮನಿನ ಜೈದಿಗಳು, ಅಂದರೆ ಶಿಯಾಗಳಲ್ಲೇ ಒಂದು ಪಂಗಡದವರು, ಮುತಜಿಲಾ ವಿಚಾರವನ್ನು ತಮ್ಮದಾಗಿಸಿಕೊಂಡಿದ್ದರು. ಕಾಜಿ ಅಬ್ದುಲ್ ಜಬ್ಬಾರ್ ಎಂಬವರು, ಈಗಿನ ತೆಹರಾನ್ ಹತ್ತಿರದ ರಯ್ ಪಟ್ಟಣದ ಮುಖ್ಯ ನ್ಯಾಯಾಧೀಶರು, 1025ರಲ್ಲಿ ತೀರಿಕೊಂಡವರು, ‘ಅಲ್ ಮುಗ್ನಿ’ ಎಂಬ 20 ಸಂಪುಟದ ಗ್ರಂಥ ಬರೆದಿದ್ದರು. 1950ರ ದಶಕದ ಆರಂಭದಲ್ಲಿ ಈಜಿಪ್ಟಿನ ವಿದ್ವಾಂಸರು ಯೆಮನಿಗೆ ಹೋದಾಗ ಅದರ ಹಸ್ತಪ್ರತಿಗಳು ಅಲ್ಲಿ ಸಿಕ್ಕವು, ಹೆಚ್ಚಿನ ಸಂಪುಟಗಳು ಸಿಕ್ಕವು. ಅಲ್ಲಿಯವರೆಗೆ ಇವರ ಬಗ್ಗೆ ಗೊತ್ತಿದ್ದದ್ದರಲ್ಲಿ ಹೆಚ್ಚಿನದು ಇವರ ವಿರೋಧಿಗಳು ಬರೆದದ್ದು. 1144ರಲ್ಲಿ ತೀರಿಕೊಂಡ ಜಮಖ್ಶರಿ ಎಂಬ ಮುತಜಿಲಿಯ ಕುರಾನ್ ವ್ಯಾಖ್ಯಾನವಂತೂ ಎಂದೂ ಕಳೆಯಲಿಲ್ಲ. ಅರಬಿ ಭಾಷೆಯ ಸೂಕ್ಷ್ಮ ಹೇಳುವುದರಲ್ಲಿ ಅದು ಎಷ್ಟು ಚೆನ್ನಾಗಿತ್ತೆಂದರೆ ಅವನ ಪಂಥವನ್ನು ಒಪ್ಪದವರೂ ಪುಸ್ತಕ ಬಿಡಲಿಲ್ಲ.

ಈಗ ಶಿಡ್ಲಘಟ್ಟದವರ ಹುಳುವಿಗೆ ಬರುತ್ತೇನೆ.

ನಿಮ್ಮ ಪತ್ರ ಬಂದ ಮೇಲೆ ಒಂದು ಬೆಳಿಗ್ಗೆ ಶಿಡ್ಲಘಟ್ಟಕ್ಕೆ ಹೋಗಿ ಗೊತ್ತಿದ್ದವರ ಘಟಕದಲ್ಲಿ ಒಂದು ಗಂಟೆ ನಿಂತಿದ್ದೆ. ಬೇಸಿನ್ನಿನಿಂದ ಹಬೆ ಏಳುತ್ತಿತ್ತು. ಬೆಂದ ಹುಳುವಿನ ಆ ವಾಸನೆ, ಅದನ್ನು ಬಲ್ಲವರಿಗೆ ಹೇಳಬೇಕಾಗಿಲ್ಲ. ಒಬ್ಬ ಹೆಂಗಸು ಬಿಸಿ ನೀರಿನಲ್ಲಿ ಬೆರಳಾಡಿಸಿ ಎಳೆಯ ತುದಿ ಹಿಡಿದು ಮೇಲಕ್ಕೆ ಕೊಡುತ್ತಿದ್ದರು. ಬೆರಳ ತುದಿಗಳು ಬಿಳಿಚಿ ಸುಕ್ಕಾಗಿದ್ದವು. ಗೂಡು ತಿರುಗುತ್ತಾ ತಿರುಗುತ್ತಾ ತೆಳ್ಳಗಾಗಿ, ಕೊನೆಗೆ ಒಳಗಿನ ಕಂದು ಹುಳು ಕಾಣುತ್ತಿತ್ತು. ನೂರಾರು ಮೀಟರ್ ಎಳೆಯ ಒಳಗೆ ಅಷ್ಟೇ ಅಷ್ಟು.

ಮುತಜಿಲಾದವರು ಇದನ್ನು ನೋಡಿ ಸುಮ್ಮನೆ ಹೋಗುತ್ತಿರಲಿಲ್ಲ. ತಪ್ಪು ಮಾಡದವರಿಗೆ ನೋವು ಯಾಕೆ ಎಂಬುದಕ್ಕೆ ಅವರು ಒಂದು ಇಡೀ ಸಿದ್ಧಾಂತ ಕಟ್ಟಿದರು. ಅದರ ಹೆಸರು ‘ಇವಜ್’, ಅಂದರೆ ಪರಿಹಾರ. ಮಗುವಿಗೆ ಬರುವ ಕಾಯಿಲೆ, ಪ್ರಾಣಿಗೆ ಆಗುವ ನೋವು ಇವನ್ನು ದೇವರು ಸುಮ್ನೆ ಕೊಡುವಂತಿಲ್ಲ. ಕೊಟ್ಟರೆ ಅದನ್ನು ಮೀರುವಷ್ಟು ಪರಿಹಾರ ಕೊಡಲೇಬೇಕು, ಅದು ಅವನ ನ್ಯಾಯಕ್ಕೆ ಸೇರಿದ್ದು. ಅಬ್ದುಲ್ ಜಬ್ಬಾರ್ ಆ ದೊಡ್ಡ ಗ್ರಂಥದಲ್ಲಿ ನೋವಿನ ಬಗ್ಗೆ ಬರೆದ ಭಾಗ ಉದ್ದವಾದದ್ದು. ಓದಿದರೆ ನ್ಯಾಯಾಲಯದಲ್ಲಿ ಕೂತು ಕಡತ ನೋಡಿದ ಮನುಷ್ಯ ಎಂದು ಗೊತ್ತಾಗುತ್ತದೆ. ಯಾರು ನೋವು ಕೊಟ್ಟರೋ ಪರಿಹಾರ ಅವರ ತಲೆಗೆ. ಪ್ರಾಣಿಯನ್ನು ಕೊಯ್ಯಲು ದೇವರೇ ಅನುಮತಿ ಕೊಟ್ಟಿದ್ದರೆ? ಆಗ ಆ ಪ್ರಾಣಿಗೆ ಪರಿಹಾರ ಕೊಡುವ ಹೊಣೆ ಅನುಮತಿ ಕೊಟ್ಟವನದ್ದು, ದೇವರದ್ದು. ಆ ಪರಿಹಾರ ಶಾಶ್ವತವಾ, ಸ್ವಲ್ಪ ಕಾಲದ್ದಾ ಎಂದು ಕೂಡ ತಮ್ಮತಮ್ಮಲ್ಲೇ ವಾದ ಮಾಡಿದರು. ಆ ಲೆಕ್ಕದಲ್ಲಿ ನಿಮ್ಮ ಬೇಸಿನ್ನಿನ ಹುಳುವಿಗೂ ಒಂದು ಖಾತೆ ಇರಬೇಕು. ಅಶ್ಅರಿಗಳು ಇದನ್ನು ಒಪ್ಪಲಿಲ್ಲ. ಎಲ್ಲವೂ ದೇವರದ್ದೇ ಆಗಿರುವಾಗ ಅವನು ಯಾರಿಗೆ ಸಾಲ ತೀರಿಸಬೇಕು ಎಂದರು.

ಆದರೆ ನಿಮ್ಮನ್ನು ಗದರಿದ ಹಿರಿಯರ ದಾರಿಯಲ್ಲೂ ಪ್ರಾಣಿಯ ಲೆಕ್ಕ ಇಲ್ಲದೆ ಇಲ್ಲ. ಎಲ್ಲ ಸುನ್ನಿಗಳೂ ಒಪ್ಪುವ ಒಂದು ಹದೀಸ್ ಇದೆ. ತೀರ್ಪಿನ ದಿನ ಎಲ್ಲರ ಹಕ್ಕೂ ಅವರವರಿಗೆ ಸಲ್ಲುತ್ತದೆ, ಕೊಂಬಿಲ್ಲದ ಕುರಿಗೆ ಕೊಂಬಿರುವ ಕುರಿಯಿಂದ ನ್ಯಾಯ ಸಿಗುವವರೆಗೆ ಎಂದು. ಅವರನ್ನು ಮತ್ತೆ ಕಂಡಾಗ ಒಂದು ಟೀ ಹೇಳಿ, ಆ ಕುರಿಯ ವಿಷಯ ಕೇಳಿ. ಅವರು ಏನು ಹೇಳಿದರು ಎಂದು ಬರೆದು ಕಳಿಸಿ, ಮುಂದಿನ ಸಂಚಿಕೆಯಲ್ಲಿ ಹಾಕುತ್ತೇನೆ.